ಅಕ್ಟೋಬರ್‌ಫೆಸ್ಟ್‌ಗೆ ಐದು ಜನ ಹೊರಟಿದ್ದೇವೆ, ಒಬ್ಬ ಕುಡಿಯುವುದಿಲ್ಲ, ಒಬ್ಬ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹೋಗಬಹುದಾ?

ನೀರ್ಚಾಲಿನವ:

ಎಲ್ಲರಿಗೂ ನಮಸ್ಕಾರ. ತುಂಬ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುವವನು ನಾನು, ಇವತ್ತು ಮೊದಲ ಸಲ ಕೇಳುತ್ತಿದ್ದೇನೆ.

ನಾವು ಐದು ಜನ, ಒಂದೇ ಶಾಲೆಯಲ್ಲಿ ಓದಿದವರು. ಈ ವರ್ಷ ಎಲ್ಲರಿಗೂ ನಲವತ್ತು ತುಂಬುತ್ತದೆ. ನಾನು ಮತ್ತು ಇನ್ನೊಬ್ಬ ಊರಲ್ಲೇ ತೋಟ ನೋಡಿಕೊಂಡಿದ್ದೇವೆ, ಒಬ್ಬ ಮಂಗಳೂರಲ್ಲಿ ಬ್ಯಾಂಕಿನಲ್ಲಿ, ಒಬ್ಬ ದುಬೈಯಲ್ಲಿ, ಒಬ್ಬನದು ಕಾಸರಗೋಡು ಪೇಟೆಯಲ್ಲಿ ಮೊಬೈಲ್ ಅಂಗಡಿ. "ಒಮ್ಮೆ ಎಲ್ಲಾದರೂ ದೂರ ಹೋಗಬೇಕು ಮಾರಾಯ" ಎಂದು ಹತ್ತು ವರ್ಷದಿಂದ ಹೇಳಿಕೊಂಡೇ ಬಂದದ್ದು, ಹೋದದ್ದು ಮಾತ್ರ ಗೋವಾದವರೆಗೆ. ಈ ಸಲ ದುಬೈಯವನು ಜರ್ಮನಿಯ ಬಿಯರ್ ಜಾತ್ರೆ, ಅಂದರೆ ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್‌ಗೆ ಹೋಗಲೇಬೇಕು ಎಂದು ಹಠ ಹಿಡಿದಿದ್ದಾನೆ. ದಿನವೂ ನಮಗೆ ಸರಿ ಕೂಡಿ ಬರುತ್ತದೆ. 2026ರಲ್ಲಿ ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4ರವರೆಗೆ ಅಂತೆ. ಚೌತಿ ಮುಗಿದಿರುತ್ತದೆ, ಅಡಿಕೆಗೆ ಮದ್ದು ಬಿಡುವ ಕೆಲಸವೂ ಮುಗಿದಿರುತ್ತದೆ, ಕೊಯ್ಲು ಶುರುವಾಗಿರುವುದಿಲ್ಲ.

ಈಗ ಸಮಸ್ಯೆ. ಬ್ಯಾಂಕಿನವನು ಕುಡಿಯುವುದೇ ಇಲ್ಲ, ಜೀವಮಾನದಲ್ಲಿ ಒಂದು ತೊಟ್ಟು ಕುಡಿದವನಲ್ಲ. ತೋಟದವನು ಬಿಯರ್ ಕುಡಿಯುತ್ತಾನೆ, ಆದರೆ ಮಾಂಸ, ಮೀನು, ಮೊಟ್ಟೆ ಮೂರೂ ಇಲ್ಲ. ಬಿಯರಿಗೆ ಮಡಿ ಇಲ್ಲ, ಮೊಟ್ಟೆಗೆ ಮಡಿ ಉಂಟು, ಅವನ ಲೆಕ್ಕ ಅವನಿಗೆ. ಇವರಿಬ್ಬರನ್ನು ಅಷ್ಟು ಖರ್ಚು ಮಾಡಿಸಿ ಕರೆದುಕೊಂಡು ಹೋಗಿ ಅಲ್ಲಿ ಮೂಲೆಯಲ್ಲಿ ಕೂರಿಸಿದ ಹಾಗೆ ಆಗಬಾರದು.

ಮತ್ತೆ, ಒಬ್ಬ ಏಜೆಂಟ್ ಫೋನಿನಲ್ಲಿ ಹೇಳಿದ: ಟೇಬಲ್ ಬುಕ್ ಆಗದಿದ್ದರೆ ಬಿಯರ್ ಕೊಡುವ ಟೆಂಟಿನ ಒಳಗೇ ಬಿಡುವುದಿಲ್ಲ, ತಲಾ 400 ಯೂರೋ ಕೊಟ್ಟರೆ ಟಿಕೆಟ್ ಸಮೇತ ಟೇಬಲ್ ಮಾಡಿಸಿ ಕೊಡುತ್ತೇನೆ ಎಂದು. ಇದು ಹೌದಾ? ಹೋಗಿ ಬಂದವರು ಯಾರಾದರೂ ಇದ್ದರೆ ಸ್ವಲ್ಪ ಬಿಡಿಸಿ ಹೇಳಿ. ವೀಸಾ ಕಥೆಯೂ ಬೇಕು, ನನ್ನದೆಲ್ಲ ಕೃಷಿ ಆದಾಯ.

---

ಪೆರ್ಲದ ಪಯಣಿಗ:

ಮೊದಲು ಆ ಏಜೆಂಟಿನ ನಂಬರ್ ಡಿಲೀಟ್ ಮಾಡಿ ಅಣ್ಣ. ಆಮೇಲೆ ಮುಂದೆ ಓದಿ.

ನಾವು ನಾಲ್ಕು ಜನ 2023ರಲ್ಲಿ ಹೋಗಿದ್ದೆವು. ಅಕ್ಟೋಬರ್‌ಫೆಸ್ಟ್‌ಗೆ ಪ್ರವೇಶ ಶುಲ್ಕವೇ ಇಲ್ಲ. ಮೈದಾನಕ್ಕೂ ಇಲ್ಲ, ಟೆಂಟಿಗೂ ಇಲ್ಲ. ಟಿಕೆಟ್ ಎಂಬ ವಸ್ತುವೇ ಇಲ್ಲದ ಮೇಲೆ ಅವನು ಮಾರುವುದು ಎಂತ? ಟೇಬಲ್ ಬುಕ್ಕಿಂಗ್ ಎನ್ನುವುದು ಬೇರೆ. ಅದನ್ನು ಆಯಾ ಟೆಂಟಿನವರೇ ಮಾಡುತ್ತಾರೆ, ಸಾಮಾನ್ಯವಾಗಿ 8 ಅಥವಾ 10 ಜನರ ಇಡೀ ಟೇಬಲ್. ಬುಕ್ಕಿಂಗಿಗೆ ಅಂತ ದುಡ್ಡಿಲ್ಲ, ಆದರೆ ತಲೆಗೆ ಇಷ್ಟು ಬಿಯರ್, ಇಷ್ಟು ಊಟ ಎಂದು ಕೂಪನ್ ಮೊದಲೇ ತೆಗೆದುಕೊಳ್ಳಬೇಕು. ನಡುವಿನವರು ಅದನ್ನೇ ಹತ್ತು ಪಟ್ಟು ಬೆಲೆಗೆ ಮಾರುವುದು. ಟೆಂಟಿನವರು ಅದನ್ನು ಒಪ್ಪುವುದಿಲ್ಲ, ಬಾಗಿಲಲ್ಲಿ ಸಿಕ್ಕಿಬಿದ್ದರೆ ನಿಮ್ಮ ದುಡ್ಡು ಹೊಳೆಗೆ ಹಾಕಿದ ಹಾಗೆ.

ನಿಮಗೆ ಬುಕ್ಕಿಂಗ್ ಬೇಕಾಗಿಯೂ ಇಲ್ಲ. ಪ್ರತಿ ಟೆಂಟಿನಲ್ಲೂ ಒಂದು ಪಾಲು ಜಾಗವನ್ನು ಬುಕ್ಕಿಂಗ್ ಇಲ್ಲದವರಿಗೆ ಬಿಡಲೇಬೇಕು ಎಂದು ನಿಯಮ ಉಂಟು. ವಾರದ ನಡುವಿನ ದಿನ, ಸೋಮವಾರದಿಂದ ಗುರುವಾರದ ಒಳಗೆ, ಬೆಳಿಗ್ಗೆ 10ಕ್ಕೆ ಬಿಯರ್ ಕೊಡಲು ಶುರು ಮಾಡುವಾಗಲೇ ಹೋಗಿ ಕುಳಿತುಬಿಡಿ. ಬೆಳಿಗ್ಗೆ 10ಕ್ಕೆ ಬಿಯರಾ ಎಂದು ಕೇಳಬೇಡಿ, ಪಕ್ಕದ ಟೇಬಲಿನಲ್ಲಿ ನಮ್ಮ ಅಜ್ಜನ ಪ್ರಾಯದವರು ಆಗಲೇ ಅರ್ಧ ಮಗ್ ಖಾಲಿ ಮಾಡಿರುತ್ತಾರೆ. ಸಂಜೆ 6ರವರೆಗೆ ಬ್ಯಾಂಡಿನವರೂ ಮೆಲ್ಲಗೆ ಬಾರಿಸುತ್ತಾರೆ, ತುತ್ತೂರಿ ಓಲಗದ ಹಾಗೆ. ಆಮೇಲೆ ಶುರುವಾಗುವುದು ಕುಣಿತ. ಬೆಂಚಿನ ಮೇಲೆ ನಿಲ್ಲಬಹುದು, ಮೇಜಿನ ಮೇಲೆ ಹತ್ತಿದರೆ ಹೊರಗೆ ಹಾಕುತ್ತಾರೆ.

ಇನ್ನೊಂದು ಮುಖ್ಯ ಸಂಗತಿ. ಕೂರಲು ಜಾಗ ಸಿಗದವನಿಗೆ ಟೆಂಟಿನೊಳಗೆ ಬಿಯರ್ ಇಲ್ಲ. ಹೋಫ್‌ಬ್ರಾಯ್ ಟೆಂಟಿನಲ್ಲಿ ಮಾತ್ರ ನಿಂತು ಕುಡಿಯುವ ಜಾಗ ಉಂಟು, ಅಲ್ಲಿ ಪ್ರವಾಸಿಗಳೇ ಜಾಸ್ತಿ, ಗಲಾಟೆಯೂ ಜಾಸ್ತಿ. ನಮಗೆ ಹಿಡಿಸಿದ್ದು ಅಗುಸ್ಟಿನರ್. ಅಲ್ಲಿ ಈಗಲೂ ಮರದ ಪೀಪಾಯಿಯಿಂದ ಸುರಿಯುತ್ತಾರೆ. ಊರಿನ ಆರು ಬ್ರೂವರಿಗಳಿಗೆ ಮಾತ್ರ ಈ ಜಾತ್ರೆಯಲ್ಲಿ ಬಿಯರ್ ಕೊಡಲು ಅನುಮತಿ: ಅಗುಸ್ಟಿನರ್, ಹಾಕರ್ ಪ್ಶೋರ್, ಹೋಫ್‌ಬ್ರಾಯ್, ಲೋವೆನ್‌ಬ್ರಾಯ್, ಪೌಲಾನರ್, ಸ್ಪಾಟನ್. ಹೊರಗಿನ ಕಂಪನಿ ಎಷ್ಟು ದೊಡ್ಡದಾದರೂ ಒಳಗೆ ಬರುವಂತಿಲ್ಲ.

ಅಳತೆ ಒಂದೇ, ಒಂದು ಲೀಟರ್. ಅದಕ್ಕೆ ಮಾಸ್ ಎನ್ನುತ್ತಾರೆ. 2025ರಲ್ಲಿ ಒಂದು ಮಾಸ್‌ಗೆ 14.50ರಿಂದ 15.80 ಯೂರೋ ಇತ್ತು. ನಮ್ಮ ಲೆಕ್ಕದಲ್ಲಿ ಒಂದೂವರೆ ಸಾವಿರ ರೂಪಾಯಿ ಇಟ್ಟುಕೊಳ್ಳಿ. ಸುಮಾರು 6 ಪರ್ಸೆಂಟ್ ಇರುತ್ತದೆ. ಇಲ್ಲಿ ಸ್ಟ್ರಾಂಗ್ ಕುಡಿದು ಅಭ್ಯಾಸ ಇದ್ದವರಿಗೆ ಇದೆಂತ ಮಹಾ ಅನ್ನಿಸಬಹುದು, ನನಗೂ ಅನ್ನಿಸಿತ್ತು. ಲೀಟರ್ ಲೆಕ್ಕ ಎನ್ನುವುದು ಎರಡನೆಯದರ ಅರ್ಧಕ್ಕೆ ಬಂದಾಗ ನೆನಪಾಗುತ್ತದೆ.

ಬಡಿಸುವ ಹೆಂಗಸರನ್ನು ನೋಡುವುದೇ ಒಂದು ಆಟ. ಖಾಲಿ ಗಾಜಿನ ಮಗ್ಗೇ ಒಂದು ಕಿಲೋಗಿಂತ ಜಾಸ್ತಿ ತೂಗುತ್ತದೆ, ತುಂಬಿದರೆ ಎರಡು ಕಿಲೋ ದಾಟಿತು. ಅಂಥ ಹತ್ತು ಹನ್ನೆರಡು ಮಗ್ಗನ್ನು ಎರಡು ಕೈಯಲ್ಲಿ ಎದೆಗೆ ಒತ್ತಿ ಹಿಡಿದು, ಆ ಜನರ ನಡುವೆ ಸೀಟಿ ಊದಿಕೊಂಡು ಬರುತ್ತಾರೆ. ತೋಟದಲ್ಲಿ ಗೊನೆ ಹೊತ್ತು ಅಭ್ಯಾಸ ಇರುವ ನನಗೇ ಒಂದು ಮಗ್ಗನ್ನು ಒಂದು ಕೈಯಲ್ಲಿ ತುಂಬ ಹೊತ್ತು ಎತ್ತಿ ಹಿಡಿಯಲು ಕಷ್ಟ ಆಯಿತು. ಬಂದ ಕೂಡಲೇ ನಗದು ಕೊಡಬೇಕು, ಮೇಲೆ ಒಂದೆರಡು ಯೂರೋ ಭಕ್ಷೀಸು ಸೇರಿಸಿ. ಇಲ್ಲದಿದ್ದರೆ ಮುಂದಿನ ರೌಂಡಿಗೆ ಅವರ ಕಣ್ಣಿಗೆ ನೀವು ಬೀಳುವುದೇ ಇಲ್ಲ.

ಈಗ ನಮಗೆ ಆದ ಫಜೀತಿ ಹೇಳುತ್ತೇನೆ, ನಿಮಗೆ ಆಗದಿರಲಿ. ಎರಡನೇ ಶನಿವಾರ ಹೋದದ್ದು ನಮ್ಮ ತಪ್ಪು. ಆ ವಾರಾಂತ್ಯಕ್ಕೆ ಇಟಲಿಯಿಂದ ಜನ ಬಸ್ಸು ಬಸ್ಸು ತುಂಬಿ ಬರುತ್ತಾರೆ. ಹೇಗೋ ಒಂದು ಟೆಂಟಿನಲ್ಲಿ ಜಾಗ ಸಿಕ್ಕಿತು. ಮಧ್ಯಾಹ್ನ ನಮ್ಮ ಜೊತೆಯವನೊಬ್ಬ "ಸ್ವಲ್ಪ ಗಾಳಿಗೆ ಹೋಗಿ ಬರುತ್ತೇನೆ" ಎಂದು ಹೊರಗೆ ಹೋದ. ಅಷ್ಟರಲ್ಲಿ ಜನ ಜಾಸ್ತಿ ಆಯಿತೆಂದು ಬಾಗಿಲು ಹಾಕಿದರು. "ಒಳಗಿದ್ದವನು ನಾನು, ನನ್ನ ಸ್ನೇಹಿತರು ಒಳಗಿದ್ದಾರೆ" ಎಂದು ಇವನು ಹೇಳಿದರೆ ಕಾವಲಿನವನು ಕೇಳಬೇಕಲ್ಲ? ಅವನ ಮುಂದೆ ಅದನ್ನೇ ಹೇಳುವವರು ಇನ್ನೂರು ಜನ. ಅಷ್ಟು ಜನ ಒಂದೇ ಕಡೆ ಇರುವಾಗ ಫೋನ್ ಕೂಡ ಸತ್ತ ಹಾಗೆ. ವಾಟ್ಸಾಪ್‌ನಲ್ಲಿ ಒಂದೇ ಟಿಕ್. ಅವನ ಜಾಕೆಟ್ ನಮ್ಮ ಬೆಂಚಿನ ಮೇಲೆ, ಜಾಕೆಟಿನಲ್ಲಿ ಅವನ ಪಾಸ್‌ಪೋರ್ಟು.

ನಮಗೆ ಗೊತ್ತಾದದ್ದು ಒಂದು ಗಂಟೆಯ ನಂತರ. ಎದ್ದರೆ ಜಾಗ ಹೋಗುತ್ತದೆ ಎಂದು ಒಬ್ಬ, ಮೊದಲು ಅವನನ್ನು ಹುಡುಕುವ ಎಂದು ಇನ್ನೊಬ್ಬ, ಅಲ್ಲೇ ಸಣ್ಣ ಜಗಳ. ಕೊನೆಗೆ ಎದ್ದೆವು. ಮೈದಾನದ ಪಡುಗಡೆ ದಿಣ್ಣೆಯ ಮೇಲೆ ಬವಾರಿಯಾ ಎಂಬ ದೊಡ್ಡ ಕಂಚಿನ ಪ್ರತಿಮೆ ಉಂಟು, 18 ಮೀಟರಿಗೂ ಎತ್ತರ, ಪಕ್ಕದಲ್ಲಿ ಸಿಂಹ. ಅದರ ಬುಡದ ಮೆಟ್ಟಿಲಿನಲ್ಲಿ ಇವನು ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿ ತಿಂದುಕೊಂಡು ಆರಾಮಾಗಿ ಕುಳಿತಿದ್ದಾನೆ, ಪಕ್ಕದಲ್ಲಿ ಕಣ್ಣೂರಿನ ಒಂದು ಕುಟುಂಬ! ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್ ಆಗಿರುವವರು. ಇವನು ಫೋನಿನಲ್ಲಿ ನಮಗೆ ಬೈದುಕೊಂಡು ವಾಯ್ಸ್ ಕಳಿಸುತ್ತಿದ್ದದ್ದು ಅವರ ಕಿವಿಗೆ ಬಿದ್ದು, "ಕಾಸರಗೋಡಾ?" ಎಂದು ಮಲಯಾಳದಲ್ಲಿ ಕೇಳಿದರಂತೆ. ಕನ್ನಡದಲ್ಲಿ ಬೈದರೂ ಕಾಸರಗೋಡು ಎಂದು ಗೊತ್ತಾದದ್ದು ಹೇಗೆ ಅಂತ ಇವತ್ತಿಗೂ ನಮಗೆ ಅರ್ಥ ಆಗಿಲ್ಲ.

ಆದ್ದರಿಂದ ಐದು ಜನವೂ ಬೆಳಿಗ್ಗೆಯೇ ಒಂದು ಜಾಗ ಗೊತ್ತು ಮಾಡಿಕೊಳ್ಳಿ. ತಪ್ಪಿಹೋದರೆ ಬವಾರಿಯಾದ ಬುಡ, ಪ್ರತಿ ಗಂಟೆಗೆ ಸರಿಯಾಗಿ. ಪಾಸ್‌ಪೋರ್ಟ್, ದುಡ್ಡು ಒಳಜೇಬಿನಲ್ಲಿ, ಜಾಕೆಟಿನಲ್ಲಿ ಬೇಡ. ದೊಡ್ಡ ಬ್ಯಾಗು ತರಲೇಬೇಡಿ, ಮೂರು ಲೀಟರಿಗಿಂತ ಜಾಸ್ತಿ ಹಿಡಿಯುವ ಚೀಲವನ್ನು ಗೇಟಿನಲ್ಲೇ ತಡೆಯುತ್ತಾರೆ. ಮತ್ತೆ ಪ್ರತಿಮೆ ಇರುವ ಆ ದಿಣ್ಣೆಯ ಹುಲ್ಲಿನ ಮೇಲೆ ಸಂಜೆ ನಂತರ ಕೂರಲು ಹೋಗಬೇಡಿ. ಜಾಸ್ತಿ ಆದವರು ಮಲಗುವುದು, ಕಾರುವುದು ಎಲ್ಲ ಅಲ್ಲೇ. ಊರವರು ಆ ಜಾಗಕ್ಕೆ ಇಟ್ಟ ಹೆಸರೇ ವಾಂತಿಗುಡ್ಡ.

ವೀಸಾದ ವಿಷಯ ರಾತ್ರಿ ಬರೆಯುತ್ತೇನೆ, ಈಗ ಸೊಸೈಟಿಗೆ ಹೋಗಲಿಕ್ಕುಂಟು.

---

ಬೇಕಲದ ಬಾಲ್ದಿ:

ಬಿಯರ್ ಕುಡಿಯಲು ಜರ್ಮನಿಗೆ ಹೋಗಬೇಕಾ ಮಾರಾಯ್ರೆ? ತಲಪಾಡಿ ಗೇಟ್ ದಾಟಿ ಕರ್ನಾಟಕಕ್ಕೆ ಹೋದರೆ ಸಾಕಲ್ವಾ 😄

---

ನೀರ್ಚಾಲಿನವ:

ಬಾಲ್ದಿಯವರೇ, ಇಲ್ಲಿ ಕೇರಳದ ಸರಕಾರಿ ಮದ್ಯದಂಗಡಿ ಬೀವರೇಜಿನ ಕ್ಯೂನಲ್ಲಿ ಟವೆಲ್ ತಲೆಗೆ ಹಾಕಿಕೊಂಡು ನಿಂತು, ಪೇಪರಿನಲ್ಲಿ ಸುತ್ತಿ ತಂದು, ಯಾರಾದರೂ ಮಾವನವರು ನೋಡಿದರಾ ಎಂದು ತಿರುಗಿ ತಿರುಗಿ ನೋಡಿ ಕುಡಿದು ಸಾಕಾಗಿದೆ. ಮಾವನವರ ಜೊತೆಗೇ ಬೆಂಚಿನಲ್ಲಿ ಕುಳಿತು ಕುಡಿಯುವ ಊರು ಒಮ್ಮೆ ನೋಡಬೇಕು ಅಂತ ಅಷ್ಟೇ.

ಪಯಣಿಗರೇ, ನೀವು ಬರೆದದ್ದನ್ನು ಗ್ರೂಪಿಗೆ ಹಾಕಿದೆ. ದುಬೈಯವನು ಈಗಲೇ "ಬವಾರಿಯಾ ಬುಡ" ಎಂದು ಗ್ರೂಪಿನ ಹೆಸರು ಬದಲಿಸಿದ್ದಾನೆ.

---

ಸ್ಟುಟ್‌ಗಾರ್ಟ್ ಅಕ್ಕ:

ನಾನು ಹುಟ್ಟಿದ್ದು ಮುಳ್ಳೇರಿಯದ ಹತ್ತಿರ, ಸ್ಟುಟ್‌ಗಾರ್ಟ್‌ನಲ್ಲಿರುವುದು ಹನ್ನೊಂದು ವರ್ಷದಿಂದ. ಎಲ್ಲರೂ ಮ್ಯೂನಿಕ್ ಮ್ಯೂನಿಕ್ ಎನ್ನುವಾಗ ನನಗೆ ಸ್ವಲ್ಪ ಹೊಟ್ಟೆ ಉರಿಯುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮಲ್ಲೂ ಇದೇ ಹೊತ್ತಿಗೆ ಕಾನ್‌ಸ್ಟಾಟ್ ಫೋಕ್ಸ್‌ಫೆಸ್ಟ್ ನಡೆಯುತ್ತದೆ. ದೊಡ್ಡದೇ, ಆದರೆ ಹೊರಗಿನವರಿಗೆ ಹೆಸರು ಗೊತ್ತಿಲ್ಲ. ಅಕ್ಟೋಬರ್‌ಫೆಸ್ಟ್ ಶುರುವಾದದ್ದು ಒಂದು ಮದುವೆಯಿಂದ. 1810ರಲ್ಲಿ ಬವೇರಿಯಾದ ಯುವರಾಜ ಲುಡ್ವಿಗ್ ಮತ್ತು ತೆರೇಸಾಳ ಮದುವೆಗೆ ಊರ ಹೊರಗಿನ ಬಯಲಿನಲ್ಲಿ ಕುದುರೆ ಓಟ ಇಟ್ಟರು. ಆ ಬಯಲಿಗೆ ಮದುಮಗಳ ಹೆಸರೇ ಉಳಿಯಿತು, ತೆರೇಸಿಯನ್‌ವೀಸೆ. ಊರವರ ಬಾಯಲ್ಲಿ ಬರೀ ವೀಸ್ನ್. ನಮ್ಮ ಕಾನ್‌ಸ್ಟಾಟ್ ಜಾತ್ರೆಯ ಕಥೆ ಹಾಗಲ್ಲ, ಅದು ಹಸಿವಿನದ್ದು. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಅದರ ಬೂದಿ ಆಕಾಶಕ್ಕೆ ಏರಿತು. ಮರುವರ್ಷ ಇಲ್ಲಿ ಬೇಸಿಗೆಯೇ ಬರಲಿಲ್ಲ. ಬೆಳೆ ಹೋಯಿತು, ಜನ ಹಸಿವಿನಿಂದ ಸತ್ತರು, ಊರು ಬಿಟ್ಟು ಹೋದರು. ಆಮೇಲೆ ಫಸಲು ಮತ್ತೆ ಬಂದಾಗ ರಾಜ ವಿಲ್ಹೆಲ್ಮ್ ರೈತರಿಗೆ ಹುರುಪು ಬರಲಿ ಎಂದು 1818ರಲ್ಲಿ ಒಂದು ಕೃಷಿ ಜಾತ್ರೆ ಮಾಡಿಸಿದ. ಅದೇ ಇದು. ಮೈದಾನದ ನಡುವೆ ಹಣ್ಣು, ತರಕಾರಿ, ಕಾಳುಗಳಿಂದ ಅಲಂಕರಿಸಿದ ದೊಡ್ಡ ಕಂಬ ನಿಲ್ಲಿಸುತ್ತಾರೆ. ಮೊದಲ ಸಲ ಅದನ್ನು ನೋಡಿದಾಗ ನನಗೆ ಊರಲ್ಲಿ ತೆನೆ ಕಟ್ಟುವುದು ನೆನಪಾಗಿ ಗಂಟಲು ಕಟ್ಟಿತು, ಗಂಡ ಬಿಯರ್ ಜಾಸ್ತಿ ಆಯಿತಾ ಎಂದು ಕೇಳಿದರು.

ತೋಟದವರು ನೀವು, ಇದನ್ನೂ ಒಂದು ದಿನ ನೋಡಿ. ಮ್ಯೂನಿಕ್‌ನಿಂದ ವೇಗದ ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿ.

ಮ್ಯೂನಿಕ್‌ನಲ್ಲಿ ಆ ಎರಡು ವಾರ ಹೋಟೆಲ್ ರೇಟು ಕೇಳಿದರೆ ತಲೆ ತಿರುಗುತ್ತದೆ. ಆಗ್ಸ್‌ಬರ್ಗ್‌ನಲ್ಲಿ ಉಳಿಯಿರಿ, ರೈಲಿನಲ್ಲಿ ಮುಕ್ಕಾಲು ಗಂಟೆ. ಬಾಯರ್ನ್ ಟಿಕೆಟ್ ಎಂದು ಉಂಟು. ಒಂದೇ ಟಿಕೆಟಿನಲ್ಲಿ ಐದು ಜನರವರೆಗೆ ಇಡೀ ದಿನ ಬವೇರಿಯಾದ ಲೋಕಲ್ ರೈಲುಗಳಲ್ಲಿ ಓಡಾಡಬಹುದು, ಮ್ಯೂನಿಕ್‌ನ ಮೆಟ್ರೋ ಬಸ್ಸು ಎಲ್ಲ ಸೇರಿ. ನಿಮ್ಮ ಐದು ಜನಕ್ಕೆಂದೇ ಮಾಡಿದ ಹಾಗೆ ಉಂಟು. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರ ಮಾತ್ರ ನಡೆಯುತ್ತದೆ, ವೇಗದ ರೈಲಿಗೆ ಆಗುವುದಿಲ್ಲ. ತೆರೇಸಿಯನ್‌ವೀಸೆ ಸ್ಟೇಷನಿನಲ್ಲಿ ಇಳಿಯಲು ನೂಕುನುಗ್ಗಲು, ಹಾಕರ್‌ಬ್ರೂಕೆಯಲ್ಲಿ ಇಳಿದು ಹತ್ತು ನಿಮಿಷ ನಡೆಯಿರಿ, ದಾರಿ ಕೇಳಬೇಕಾಗಿಲ್ಲ, ಚರ್ಮದ ಚಡ್ಡಿ ಹಾಕಿದವರ ಹಿಂದೆ ಹೋದರೆ ಸಾಕು.

ಒಂದು ಎಚ್ಚರಿಕೆ. ವಾಪಸು ಬರುವಾಗ ಇ-ಸ್ಕೂಟರ್ ಹತ್ತಬೇಡಿ. ಆಟದ ಸಾಮಾನಿನ ಹಾಗೆ ಕಾಣುತ್ತದೆ, ಆದರೆ ಕುಡಿದು ಓಡಿಸಿದರೆ ಕಾರಿಗೆ ಇರುವ ನಿಯಮವೇ ಅದಕ್ಕೂ. ಪೊಲೀಸರು ಅದನ್ನೇ ಕಾದು ನಿಂತಿರುತ್ತಾರೆ.

---

ಪೆರ್ಲದ ಪಯಣಿಗ:

ಅಕ್ಕ ಹೇಳಿದ ಬಾಯರ್ನ್ ಟಿಕೆಟ್ ನಮಗೆ ಆಗ ಗೊತ್ತಿದ್ದರೆ ಎಷ್ಟು ದುಡ್ಡು ಉಳಿಯುತ್ತಿತ್ತು!

ವೀಸಾ. ನಮ್ಮ ವಿಳಾಸ ಕೇರಳದ್ದಾದ ಕಾರಣ ಕೊಚ್ಚಿಯ ಸೆಂಟರಿನಲ್ಲಿ ಕೊಟ್ಟೆವು. ಕಾಸರಗೋಡಿನಿಂದ ವಂದೇ ಭಾರತ್‌ನಲ್ಲಿ ಎರ್ನಾಕುಲಂಗೆ ಹೋದದ್ದು. ಷೆಂಗೆನ್ ವೀಸಾಗೆ (ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಹೋಗುವ ದಿನಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಹದಿನೈದು ದಿನದವರೆಗೆ ಕಾಯಬೇಡಿ. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಶುಲ್ಕ ಈಗ 90 ಯೂರೋ, ಸೆಂಟರಿನವರ ಚಾರ್ಜು ಬೇರೆ. ಕನಿಷ್ಠ 30,000 ಯೂರೋದ ಟ್ರಾವೆಲ್ ಇನ್ಶೂರೆನ್ಸ್ ಬೇಕು.

ಕೃಷಿಕರಿಗೆ ತಲೆನೋವು ಆದಾಯದ ದಾಖಲೆ. ಐಟಿಆರ್, ಅಂದರೆ ಆದಾಯ ತೆರಿಗೆ ರಿಟರ್ನ್, ಕೇಳುತ್ತಾರೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ ಕಾರಣ ನಮ್ಮಲ್ಲಿ ಎಷ್ಟೋ ಜನ ಅದನ್ನು ಹಾಕುವುದೇ ಇಲ್ಲ. ನಾನು ಹಾಕುತ್ತಿದ್ದೆ, ಬಚಾವಾದೆ. ಜೊತೆಗೆ ಜಾಗದ ತೀರುವೆ ಕಟ್ಟಿದ ರಶೀದಿ, ಅಡಿಕೆ ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೋಗೆ ಅಡಿಕೆ ಹಾಕಿದ ಬಿಲ್ಲುಗಳು, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟೆ. ರಶೀದಿ ಮಲಯಾಳದಲ್ಲಿ ಇತ್ತು, ಇಂಗ್ಲಿಷಿಗೆ ಅನುವಾದ ಮಾಡಿಸಿ ನೋಟರಿ ಸೀಲ್ ಹಾಕಿಸಿದೆ. ಮತ್ತೆ ಒಂದು ಪುಟದಲ್ಲಿ ನಾನೇ ಬರೆದೆ: ಎಷ್ಟು ಎಕರೆ, ವರ್ಷಕ್ಕೆ ಎಷ್ಟು ಅಡಿಕೆ, ಕೊಯ್ಲು ಯಾವಾಗ, ಆದ್ದರಿಂದ ಇಂಥ ದಿನ ವಾಪಸು ಬರಲೇಬೇಕು ಎಂದು. ಕೌಂಟರಿನ ಹುಡುಗಿ ಆ ಪುಟವನ್ನು ಎರಡು ಸಲ ಓದಿದಳು. ಅಡಿಕೆ ಎಂದರೆ ಎಂತ ಎಂದು ಕೇಳದೆ ಇದ್ದದ್ದು ಪುಣ್ಯ, ನನ್ನ ಬಾಯಲ್ಲಿ ಆಗಲೂ ಇತ್ತು.

ದುಬೈಯವರು ಅಲ್ಲಿಂದಲೇ ಅರ್ಜಿ ಹಾಕಬೇಕು, ಅವರದ್ದು ಬೇರೆ ಫೈಲು. ದಿನಾಂಕ, ಹೋಟೆಲು ಐದೂ ಜನರದ್ದು ಒಂದೇ ಇರುವ ಹಾಗೆ ನೋಡಿಕೊಳ್ಳಿ.

---

ನೀರ್ಚಾಲಿನವ:

ಉಪಕಾರ ಆಯಿತು. ಐಟಿಆರ್ ಎರಡು ವರ್ಷದಿಂದ ಹಾಕುತ್ತಿದ್ದೇನೆ, ಅದರ ಹಿಂದಿನದು ಇಲ್ಲ. ನೋಡುವ.

ಮೊಟ್ಟೆ ಮುಟ್ಟದವನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಅವನು ಈಗಲೇ ಅವಲಕ್ಕಿ, ಉಪ್ಪಿನಕಾಯಿ ಕಟ್ಟಲು ಶುರು ಮಾಡಿದ್ದಾನೆ.

---

ಮಧೂರು ಮಾಣಿ:

ಕಟ್ಟಲಿ, ಒಳ್ಳೆಯದೇ. ಆದರೆ ಉಪವಾಸ ಬೀಳಬೇಕಾಗಿಲ್ಲ.

ನಾನು ಕುಡಿಯದವನು, ಮಾಂಸವೂ ಇಲ್ಲ. ಕಂಪನಿ ಕೆಲಸಕ್ಕೆ ಹೋದಾಗ ಜೊತೆಯವರ ಒತ್ತಾಯಕ್ಕೆ ಎರಡು ದಿನ ಹೋದೆ. ಮೊದಲು ಕಣ್ಣಿಗೆ ಬಿದ್ದದ್ದೇ ಇಡೀ ಎತ್ತನ್ನು ಕಂಬಿಗೆ ಸಿಕ್ಕಿಸಿ ಸುಡುವ ಟೆಂಟು. ಇವತ್ತಿನ ಎತ್ತಿನ ಹೆಸರು ಇದು, ತೂಕ ಇಷ್ಟು ಎಂದು ಬೋರ್ಡಿನಲ್ಲಿ ಬರೆದು ಹಾಕಿರುತ್ತಾರೆ! ಹೆಸರಿಟ್ಟು ತಿನ್ನುವವರನ್ನು ನಾನು ನೋಡಿದ್ದು ಅದೇ ಮೊದಲು. ಆ ಕಡೆ ಹೋಗದೆ ಇದ್ದರೆ ಆಯಿತು.

ತಿನ್ನಲು ಬ್ರೆಟ್ಸೆಲ್ ಉಂಟು, ಮುಖದಷ್ಟು ಅಗಲದ ಗಂಟು ಹಾಕಿದ ಬ್ರೆಡ್ಡು, ಮೇಲೆ ಕಲ್ಲುಪ್ಪು. ಅದರ ಜೊತೆ ಓಬಾಟ್ಸ್ಡ ಎಂಬ ಚೀಸಿನ ಗೊಜ್ಜು, ಈರುಳ್ಳಿ ಹಾಕಿ ಕಲಸಿದ್ದು. ನೋಡಲು ಸಾಧಾರಣ, ತಿಂದರೆ ಬಿಡುವ ಹಾಗಿಲ್ಲ. ಆಲೂಗಡ್ಡೆ ಸಲಾಡ್, ಸೌತೆ, ಮೂಲಂಗಿ ಸಿಗುತ್ತದೆ. ಮೂಲಂಗಿಯನ್ನು ಸ್ಪ್ರಿಂಗಿನ ಹಾಗೆ ಉದ್ದಕ್ಕೆ ಕೊಯ್ದು ಉಪ್ಪು ಹಾಕಿ ಕೊಡುತ್ತಾರೆ, ಬಿಯರಿಗೆ ಅದೇ ನೆಂಚಿಕೊಳ್ಳುವುದು. ಕೇಸೆಸ್ಪೆಟ್ಸ್ಲೆ ಎಂದು ಎಲ್ಲರೂ ವೆಜ್ ಅಂತ ಹೇಳಿ ಕೊಡುತ್ತಾರೆ, ನಿಮ್ಮವನಿಗೆ ಆಗದು. ಹಿಟ್ಟಿಗೇ ಮೊಟ್ಟೆ ಹಾಕಿರುತ್ತಾರೆ. ಸಿಹಿಯಲ್ಲೂ ಜಾಸ್ತಿ ಮೊಟ್ಟೆಯೇ. ಆಲೂಗಡ್ಡೆ ಸಲಾಡಿಗೂ ಕೆಲವರು ಮಾಂಸದ ಸಾರು ಹಾಕುತ್ತಾರೆ, ಕೇಳಿಯೇ ತೆಗೆದುಕೊಳ್ಳಿ. "ಓನೆ ಐ, ಓನೆ ಫ್ಲೈಶ್" ಎಂದರೆ ಮೊಟ್ಟೆ ಬೇಡ, ಮಾಂಸ ಬೇಡ. ಇಷ್ಟು ಬಾಯಿಪಾಠ ಮಾಡಿಸಿ.

ಕುಡಿಯದವನಿಗೆ ಅಲ್ಕೋಹಾಲ್ ಇಲ್ಲದ ಬಿಯರು, ಸೇಬಿನ ಶರಬತ್ತಿನ ಹಾಗಿನ ಆಪ್ಫೆಲ್‌ಶೋರ್ಲೆ ಎಲ್ಲ ಉಂಟು. ಯಾರೂ ಎಂತದೂ ಕೇಳುವುದಿಲ್ಲ. ಮಗ್ ಎತ್ತಿ ಕಣ್ಣಲ್ಲಿ ಕಣ್ಣಿಟ್ಟು "ಪ್ರೋಸ್ಟ್" ಎಂದರೆ ಆಯಿತು, ಒಳಗೆ ಎಂತ ಇದೆ ಎಂದು ನೋಡುವವರಿಲ್ಲ. ಬ್ಯಾಂಡಿನವರು ಆಗಾಗ ಒಂದೇ ಹಾಡು ಬಾರಿಸುತ್ತಾರೆ, "ಐನ್ ಪ್ರೋಸಿಟ್", ಆಗ ಇಡೀ ಟೆಂಟು ಎದ್ದು ಹಾಡುತ್ತದೆ. ಎರಡು ಸಲ ಕೇಳಿದರೆ ನಿಮಗೂ ಬರುತ್ತದೆ. ಮೂರನೇ ದಿನ ನಾನು ಸ್ನಾನ ಮಾಡುವಾಗ ಅದನ್ನೇ ಹೇಳುತ್ತಿದ್ದೆ.

ಆದರೆ ನನಗೆ ಟೆಂಟಿಗಿಂತ ಹೊರಗಿನದ್ದೇ ಖುಷಿ. ನಮ್ಮ ಕುಂಬಳೆ ದೇವಸ್ಥಾನದ ಜಾತ್ರೆಯ ಬೆಡಿಗೆ (ಸುಡುಮದ್ದಿಗೆ) ಹೋದರೆ ಬೆಡಿ ಎಷ್ಟು ನೋಡುತ್ತೇವೆ, ಸಂತೆ ಎಷ್ಟು ಸುತ್ತುತ್ತೇವೆ? ಇದೂ ಹಾಗೆಯೇ. ಟೋಬೊಗಾನ್ ಎಂದು ಒಂದು ಹಳೆಯ ಮರದ ಗೋಪುರ ಉಂಟು. ಮೇಲೆ ಹೋಗಲು ವೇಗವಾಗಿ ಓಡುವ ಒಂದು ಬೆಲ್ಟು, ಅದರ ಮೇಲೆ ನಿಂತು ಹೋಗಬೇಕು. ಬ್ಯಾಲೆನ್ಸ್ ತಪ್ಪಿ ಕಾಲು ಮೇಲೆ ತಲೆ ಕೆಳಗೆ ಆಗಿ ಬೀಳದವರು ಕಡಿಮೆ. ಕೆಳಗೆ ಅದನ್ನು ನೋಡಲೆಂದೇ ಜನ ಗುಂಪು ಕಟ್ಟಿ ನಿಂತಿರುತ್ತಾರೆ. ಎರಡು ಬಿಯರ್ ಕುಡಿದ ನನ್ನ ಮ್ಯಾನೇಜರ್ ಆ ಬೆಲ್ಟಿನಲ್ಲಿ ಹೋದದ್ದನ್ನು ನೋಡಿದ ದಿನ ಆ ವರ್ಷದ ಇಂಕ್ರಿಮೆಂಟ್ ಕಡಿಮೆ ಆದ ಬೇಸರವೆಲ್ಲ ಹೋಯಿತು.

ಶಿಖ್ಟಲ್ ಎಂಬ ಸಣ್ಣ ನಾಟಕದ ಟೆಂಟೂ ಉಂಟು, 1869ರಿಂದ ನಡೆದು ಬಂದದ್ದು. ಪ್ರೇಕ್ಷಕರಲ್ಲಿ ಒಬ್ಬನನ್ನು ವೇದಿಕೆಗೆ ಕರೆದು ಗಿಲೋಟಿನ್‌ನಲ್ಲಿ ತಲೆ ಕಡಿಯುವ ಆಟ. ಜರ್ಮನ್ ಗೊತ್ತಿಲ್ಲದಿದ್ದರೂ ತೊಂದರೆ ಇಲ್ಲ, ನಮ್ಮ ಯಕ್ಷಗಾನದ ಹಾಸ್ಯಗಾರರ ಹಾಗೆ ಮೈಯಲ್ಲೇ ಮಾತಾಡುತ್ತಾರೆ. ಮತ್ತೆ ನಾನು ಹೋದಾಗ ಓಯ್ಡೆ ವೀಸ್ನ್ ಎಂದು ಹಳೆಯ ಕಾಲದ ಜಾತ್ರೆಯ ಭಾಗ ಬೇರೆಯೇ ಇತ್ತು. ಅಲ್ಲಿಗೆ ಮಾತ್ರ ಸಣ್ಣ ಪ್ರವೇಶ ಶುಲ್ಕ, 2025ರಲ್ಲಿ ನಾಲ್ಕೇ ಯೂರೋ. ಹಳೆ ತೊಟ್ಟಿಲು, ಹಳೆ ಕುಣಿತ, ಸಂಸಾರಸ್ಥರು ಜಾಸ್ತಿ. ಕಿವಿಗೂ ಸಮಾಧಾನ.

ಸಾಧ್ಯವಾದರೆ ಮೊದಲ ಶನಿವಾರ ಬೆಳಿಗ್ಗೆ ಮೆರವಣಿಗೆಗೆ ರಸ್ತೆ ಬದಿಯಲ್ಲಿ ನಿಲ್ಲಿ. ಆರೂ ಬ್ರೂವರಿಗಳ ಪೀಪಾಯಿಗಳನ್ನು ಹೂವಿನಿಂದ ಅಲಂಕರಿಸಿದ ಕುದುರೆ ಗಾಡಿಗಳಲ್ಲಿ ವಾದ್ಯದ ಜೊತೆ ತರುತ್ತಾರೆ. ನಮ್ಮ ದೇವಸ್ಥಾನಗಳ ಬ್ರಹ್ಮಕಲಶಕ್ಕೆ ಹಸಿರುವಾಣಿ ಹೊರೆಕಾಣಿಕೆ ಮೆರವಣಿಗೆಯಲ್ಲಿ ಬರುವುದೇ ಕಣ್ಣ ಮುಂದೆ ಬಂತು. ಮಧ್ಯಾಹ್ನ 12ಕ್ಕೆ ಮೇಯರ್ ಸುತ್ತಿಗೆಯಿಂದ ಮೊದಲ ಪೀಪಾಯಿಗೆ ನಲ್ಲಿ ಬಡಿದು "ಓ ತ್ಸಾಪ್ಟ್ ಈಸ್" ಎನ್ನುತ್ತಾರೆ, ಅಂದರೆ ಪೀಪಾಯಿ ತೆರೆದಾಯಿತು ಎಂದು. ಅದಕ್ಕೆ ಮೊದಲು ಯಾವ ಟೆಂಟಿನಲ್ಲೂ ಬಿಯರ್ ಇಲ್ಲ. ಎಷ್ಟು ಪೆಟ್ಟಿಗೆ ನಲ್ಲಿ ಕೂತಿತು ಎಂದು ಮರುದಿನ ಪೇಪರಿನಲ್ಲಿ ಬರುತ್ತದೆ.

---

ಬೇಕಲದ ಬಾಲ್ದಿ:

ಇಷ್ಟು ಓದಿದ ಮೇಲೆ ನನಗೂ ಹೋಗಬೇಕು ಅನ್ನಿಸುತ್ತಿದೆ. ತಲಪಾಡಿ ಮಾತು ವಾಪಸ್ ತೆಗೆದುಕೊಂಡೆ. ಆ ಮಗ್ಗನ್ನು ಊರಿಗೆ ತರಬಹುದಾ? ಒಂದು ತಂದರೆ ಮಜ್ಜಿಗೆಗೆ ಆಗುತ್ತಿತ್ತು.

---

ಸ್ಟುಟ್‌ಗಾರ್ಟ್ ಅಕ್ಕ:

ಟೆಂಟಿನ ಮಗ್ಗನ್ನು ಜಾಕೆಟಿನ ಒಳಗೆ ಹಾಕಿಕೊಂಡು ಬಂದರೆ ಅದು ಕಳ್ಳತನ. ಪ್ರತಿ ವರ್ಷ ಲಕ್ಷದ ಆಸುಪಾಸು ಮಗ್ಗುಗಳನ್ನು ಗೇಟಿನಲ್ಲಿ ವಾಪಸ್ ಕಿತ್ತುಕೊಳ್ಳುತ್ತಾರೆ. ಅಂಗಡಿಯಲ್ಲಿ ಕ್ರಯ ಕೊಟ್ಟು ತೆಗೆದುಕೊಳ್ಳಿ, ರಶೀದಿ ಇಟ್ಟುಕೊಳ್ಳಿ. ಮಜ್ಜಿಗೆಗೆ ಅಡ್ಡಿಯಿಲ್ಲ, ಆದರೆ ನೊರೆ ಜಾಸ್ತಿ ಬಿಡಬೇಡಿ. ಮಗ್ ಪೂರ್ತಿ ತುಂಬಿಸದೆ ನೊರೆಯಲ್ಲಿ ಮೋಸ ಮಾಡುವುದರ ವಿರುದ್ಧ ಮ್ಯೂನಿಕ್‌ನಲ್ಲಿ ಒಂದು ಸಂಘವೇ ಉಂಟು, ನಿಜವಾಗಿ.

---

ಮಂಗಳೂರು ಬ್ಯಾಂಕು:

ಎಲ್ಲರಿಗೂ ನಮಸ್ಕಾರ. ಮೇಲೆ ಹೇಳಿದ ಆ ಕುಡಿಯದವನು ನಾನೇ. ನನ್ನ ಬಗ್ಗೆ ಇಲ್ಲಿ ಇಷ್ಟು ಚರ್ಚೆ ಆಗುತ್ತಿದೆ ಎಂದು ನಿನ್ನೆ ರಾತ್ರಿ ಗೊತ್ತಾಯಿತು, ನೀರ್ಚಾಲಿನವ ಲಿಂಕ್ ಕಳಿಸಿದ್ದು ತಪ್ಪಿ ನನಗೇ.

ಮೂಲೆಯಲ್ಲಿ ಕೂರುವ ಚಿಂತೆ ನನಗೆ ಯಾವತ್ತೂ ಇರಲಿಲ್ಲ. ಇಪ್ಪತ್ತು ವರ್ಷದಿಂದ ಇವರು ನಾಲ್ಕು ಜನ ಕುಡಿದ ಮೇಲೆ ಗಾಡಿ ಓಡಿಸಿದ್ದು ಯಾರು, ಗೋವಾದಲ್ಲಿ ಹೋಟೆಲಿನ ಕೀ ಹುಡುಕಿದ್ದು ಯಾರು, ಒಮ್ಮೆ ಅವರೇ ನೆನಪು ಮಾಡಿಕೊಳ್ಳಲಿ. ನಾನು ಬರುತ್ತೇನೆ. ಐದು ಪಾಸ್‌ಪೋರ್ಟೂ ನನ್ನ ಒಳಜೇಬಿನಲ್ಲಿ, ಬಾಯರ್ನ್ ಟಿಕೆಟೂ ನನ್ನ ಹತ್ತಿರ. ಅವಲಕ್ಕಿ ಹೊರುವುದು ಅವನೇ.

ಒಂದೇ ಷರತ್ತು. ಎರಡನೇ ಮಾಸ್ ಆದ ಕೂಡಲೇ ನಾಲ್ಕೂ ಜನ ಆ ಟೋಬೊಗಾನ್ ಬೆಲ್ಟು ಹತ್ತಬೇಕು. ನಾನು ಕೆಳಗೆ ಫೋನ್ ಹಿಡಿದು ನಿಂತಿರುತ್ತೇನೆ.